ಸಣ್ಣಯ್ಯನ ಗಾಡಿಯ ಮೈಲೇಜು

ನಂಜನಗೂಡಿನ ಲಾರಿ ಸ್ಟ್ಯಾಂಡಿನಲ್ಲಿ ಸೀರಿಯಲ್ ಎಂದರೆ ಸೀರಿಯಲ್. ಕರಿಹಲಗೆಯ ಮೇಲೆ ಯಾರ ಗಾಡಿ ನಂಬರ್ ಮೊದಲಿದೆಯೋ ಮುಂದಿನ ಲೋಡು ಅವರದು. ಅಲ್ಲಿ ಅಣ್ಣ ತಮ್ಮ ಎಂಬ ದಾಕ್ಷಿಣ್ಯವಿಲ್ಲ. ಆ ಹಲಗೆಯ ಸೀಮೆಸುಣ್ಣ ಹದಿಮೂರು ವರ್ಷದಿಂದ ನಿಂಗರಾಜುವಿನ ಕೈಯಲ್ಲಿತ್ತು. ತಿ. ನರಸೀಪುರದವನು, ಸ್ವಂತ ಲಾರಿ ಓಡಿಸುವವನು, ಸಂಘದ ಕಾರ್ಯದರ್ಶಿ. ನಾಲ್ಕು ಜನ ಮಾತು ಕೇಳತೊಡಗಿದರೆ ಕೆಲವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ ನೋಡಿ, ಇವನೂ ಅಂಥವನೇ.

ಬೇಸಿಗೆ ಶುರುವಿನಲ್ಲಿ, ಇವರಿಗೆಲ್ಲ ಲೋಡು ಕೊಡುತ್ತಿದ್ದ ಕಾರ್ಖಾನೆಯಿಂದ ಒಂದು ಫಾರಂ ಬಂತು. ಯಾರ ಗಾಡಿ ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ, ಬರೆದುಕೊಡಿ ಎಂದು. ಬಾಡಿಗೆ ಏರಿಸುವುದಕ್ಕೇ ಕೇಳುತ್ತಿದ್ದಾರೆ ಎಂದು ನಿಂಗರಾಜು ತಾನೇ ತೀರ್ಮಾನಿಸಿದ.

“ಮೂರರ ಮ್ಯಾಲೆ ಯಾರೂ ಬರೀಬ್ಯಾಡಿ ಕಣ್ರಲಾ. ಡೀಸೆಲ್ ಜಾಸ್ತಿ ತೋರ್ಸಿದಷ್ಟೂ ನಮ್ಗೇ ಒಳ್ಳೇದು.”

ಸ್ಟ್ಯಾಂಡಿನಲ್ಲಿದ್ದವರೆಲ್ಲ ಮೂರು ಎಂದೇ ಬರೆದರು. ಲೋಡು ಹೊತ್ತು ದೂರ ಹೋಗಿದ್ದ ಐವರು ಇದೊಂದೂ ತಿಳಿಯದೆ ಆಫೀಸಿಗೆ ಫೋನಿನಲ್ಲೇ ನಿಜ ಹೇಳಿಬಿಟ್ಟರು. ಹೆಡತಲೆ ಊರಿನ ಸಣ್ಣಯ್ಯ ಮಾತ್ರ ಎದುರಿಗೇ ಕೂತು ನಾಲ್ಕೂವರೆ ಎಂದು ಬರೆದ. ಪ್ರತಿ ಟ್ರಿಪ್ಪಿಗೂ ಟ್ಯಾಂಕ್ ತುಂಬಿಸಿ, ಬಂದ ಮೇಲೆ ಮತ್ತೆ ತುಂಬಿಸಿ ಅಳೆಯುವ ಮನುಷ್ಯ ಅವನು. ಮಗಳ ಮಾರ್ಕ್ಸ್ ಹೇಳುವ ಹಾಗೆ ಟೀ ಅಂಗಡಿಯಲ್ಲಿ ಗಾಡಿಯ ಮೈಲೇಜು ಹೇಳುತ್ತಿದ್ದ. ಮುದುಕನಿಗೆ ವ್ಯವಹಾರ ತಿಳಿಯದು ಎಂದುಕೊಂಡ ನಿಂಗರಾಜು, ಫಾರಂ ಕೊಡಲು ಹೋಗುವಾಗ ದಾರಿಯಲ್ಲೇ ನಿಂತು ಅದನ್ನು ಮೂರು ಎಂದು ತಿದ್ದಿದ.

ಫಾರಂ ಕೇಳಿದ್ದು ಬಾಡಿಗೆಗಲ್ಲ, ಮಾಲು ಸಾಗಿಸುವುದರಿಂದ ಎಷ್ಟು ಹೊಗೆ ಏಳುತ್ತದೆ ಎಂಬ ಲೆಕ್ಕಕ್ಕೆ. ಎರಡು ತಿಂಗಳ ಮೇಲೆ ಮ್ಯಾನೇಜರ್ ಗುರುಪ್ರಸಾದ್ ನಿಂಗರಾಜುವನ್ನು ಕರೆದು ಕೂರಿಸಿದರು.

“ಮುಂದಿನ ತಿಂಗಳಿಂದ ಮಾಲೆಲ್ಲ ಗೂಡ್ಸ್ ರೈಲಿಗೆ. ಇಲ್ಲಿಂದ ಸ್ಟೇಷನ್‌ಗೆ ಸಾಗಿಸೋಕೆ ಆರು ಲಾರಿ ಸಾಕು. ಕಡಿಮೆ ಡೀಸೆಲ್ ಕುಡಿಯೋ ಐದು ಆರಿಸಿದೀವಿ, ಫೋನಲ್ಲಿ ಅಂಕಿ ಹೇಳಿದವರದ್ದು. ಆರನೇದು ನಿಮ್ಮದು, ಕಾರ್ಯದರ್ಶಿ ಅಂತ.”

ನಿಂಗರಾಜು ಕುರ್ಚಿಯಿಂದ ಎದ್ದುಬಿಟ್ಟ. ಉಳಿದ ಇಪ್ಪತ್ತು ಗಾಡಿ?

“ಸಾ, ನಾವ್ ಬರ್ದಿದ್ದು ಸುಳ್ಳು ಸಾ. ಅಷ್ಟು ಕುಡಿಯಾಕಿಲ್ಲ.”

“ನಿಜ ಬರೆದಿದ್ರೂ ರೈಲೇ ಬರ್ತಿತ್ತು ನಿಂಗರಾಜು. ಲಾರಿ ಹೊಗೆಗೂ ರೈಲಿನ ಹೊಗೆಗೂ ಹೋಲಿಕೆಯೇ ಇಲ್ಲ. ನಿಮ್ಮ ಅಂಕಿಯಿಂದ ನಿರ್ಧಾರ ಆಗಿದ್ದು ಯಾರ ಗಾಡಿ ಉಳೀಬೇಕು ಅನ್ನೋದು ಮಾತ್ರ.”

ಹೊರಗೆ ಸಣ್ಣಯ್ಯ ತನ್ನ ಲಾರಿಯ ಗಾಜು ಒರೆಸುತ್ತಿದ್ದ. ಸುದ್ದಿ ಆಗಲೇ ಗೇಟು ದಾಟಿತ್ತು.

“ಮೈಲೇಜ್ ನೋಡಿ ತಕ್ಕಂತಾರಂತೆ? ಅಂಗಾದ್ರೆ ನಂದೇ ಮೊದ್ಲು ಕಣ್ಲಾ,” ಎಂದು ನಕ್ಕ.

ಆ ನಗುವನ್ನು ನಿಂಗರಾಜುವಿಗೆ ನೋಡಲಾಗಲಿಲ್ಲ. ಸುಮ್ಮನಿದ್ದರೆ ತನ್ನ ಲಾರಿ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗೆಂದುಕೊಂಡು ಹತ್ತು ಹೆಜ್ಜೆ ಹೋದವನು ತಿರುಗಿ ಮತ್ತೆ ಒಳಗೆ ಹೋದ. ಸಣ್ಣಯ್ಯನ ಅಂಕಿ ತಿದ್ದಿದವನು ನಾನೇ ಎಂದು ಬರೆದು ಸಹಿ ಹಾಕಿದ. ಗುರುಪ್ರಸಾದ್ ಪಟ್ಟಿಯ ಆರನೇ ಸಾಲು ಹೊಡೆದು ಹಾಕಿ ಸಣ್ಣಯ್ಯನ ನಂಬರ್ ಬರೆದರು.

“ಸಣ್ಣಯ್ಯಣ್ಣ, ನಿಂದು ಅದೆ. ನಂದಿಲ್ಲ,” ಎಂದು ನಿಂಗರಾಜು ಹಲಗೆಯ ಹತ್ತಿರ ನಿಂತು ನಡೆದದ್ದೆಲ್ಲ ಹೇಳಿದ. ಕ್ಷಮಿಸಿದೆ ಎನ್ನುತ್ತಾನೆ, ಬೆನ್ನು ತಟ್ಟುತ್ತಾನೆ ಎಂಬ ಆಸೆ ಒಳಗೆ ಇದ್ದೇ ಇತ್ತು.

ಸಣ್ಣಯ್ಯನ ಮುಖ ಕಪ್ಪಿಟ್ಟಿತು. “ನನ್ ಗಾಡಿ ಮೂರು ಕೊಡ್ತದೆ ಅಂತ ಬರ್ದಾ? ನನ್ನ ಒಂದ್ ಮಾತ್ ಕೇಳ್ದೆ?”

ನಿಂಗರಾಜು ಸಣ್ಣಯ್ಯನ ನಂಬರ್ ಬರೆಯಲು ಸೀಮೆಸುಣ್ಣ ಎತ್ತಿದ. ಸಣ್ಣಯ್ಯ ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಹಲಗೆಯ ಮೇಲೆ ತನ್ನ ನಂಬರನ್ನು ತಾನೇ ಬರೆದ. ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿ ಹೊರಟ. ನಿಂಗರಾಜು ತನ್ನ ನಂಬರನ್ನು ಅಂಗೈಯಿಂದ ಒರೆಸಿದ.