ನಾಲ್ಕು ಇಂಚು

ಕಣ್ಣಿಗೆ ಬಿದ್ದದ್ದು ತುಕ್ಕೋ ಮಣ್ಣೋ, ಉಜ್ಜಿಕೊಳ್ಳೋಣವೆಂದರೆ ಎರಡು ಕೈಗೂ ಗ್ರೀಸು, ವರ್ನಾ ರೆಪ್ಪೆ ಬಡಿದು ಬಡಿದು ನೀರು ತರಿಸಿಕೊಂಡಳು, ಪಿಕಪ್ಪಿನ ಹೊಟ್ಟೆಯಡಿ ಅಂಗಾತ ಮಲಗಿದವಳಿಗೆ ಕಾಣುವುದಾದರೂ ಏನು, ಹಿಂದಿನ ಅಚ್ಚು, ಅದರ ಮೇಲೆ ಕಬ್ಬಿಣದ ದಿಮ್ಮಿ, ಅದರ ಮೇಲೆ ಸ್ಪ್ರಿಂಗ್ ಪಟ್ಟಿಗಳು — ಗಂಡ ರಾಯ್ಸ್ ತನ್ನ ಕೈಯಾರೆ ಕೂರಿಸಿದ ದಿಮ್ಮಿ, ಈ ಕಡೆ ಒಂದು, ಆ ಕಡೆ ಒಂದು, ಗಾಡಿಯನ್ನು ನಾಲ್ಕು ಇಂಚು ಮೇಲೆತ್ತಿ ನಿಲ್ಲಿಸಿದ್ದು ಇವೇ, ಹನ್ನೊಂದು ವರ್ಷದ ಕೆಳಗೆ, ಅವತ್ತು ಬಾಗಿಲು ತೆಗೆದು ಹಿಡಿದು ಹತ್ತು ನೋಡೋಣ ಮಹಾರಾಣಿ ಅಂದಿದ್ದ, ಅವಳು ಕಾಲೆತ್ತಲಾರದೆ ನಕ್ಕು ನಕ್ಕು ಸುಸ್ತಾಗಿದ್ದಳು, ನಗು ಎಲ್ಲಿ ಹೋಯಿತೋ, ಸುಸ್ತು ಮಾತ್ರ ಉಳಿದಿದೆ. ಭುಜ ನೋಯುತ್ತದೆ, ಬಲಭುಜ, ಅಕ್ಟೋಬರಿನಲ್ಲಿ ಆರ್ವಲ್‌ನ ರ‍್ಯಾಂಚಿನಲ್ಲಿ ಲಾಳ ಹೊಡೆಯುವಾಗ ಆ ಕಂದು ಹೆಣ್ಣುಕುದುರೆ ರಾಯ್ಸ್‌ನ ಮೇಲೆಯೇ ಕುಸಿದು ಸೊಂಟದ ಮೂಳೆ ಪುಡಿಯಾದ ಮೇಲೆ ಲಾಳದ ಕೆಲಸವೆಲ್ಲ ಅವಳದೇ, ಇಪ್ಪತ್ತು ವರ್ಷ ಅವನ ಪಕ್ಕದಲ್ಲಿ ಕುದುರೆ ಹಿಡಿದುಕೊಂಡು ನಿಂತವಳಿಗೆ ಕೆಲಸ ಗೊತ್ತಿಲ್ಲದೆ ಏನು, ಗೊತ್ತಿಲ್ಲದ್ದು ಭಾರ, ಲಾಳ ಬಡಿಯುವ ನೂರು ಪೌಂಡಿನ ಕಬ್ಬಿಣದ ಅಡಿಗಲ್ಲು, ಕುಲುಮೆ, ಗ್ಯಾಸು, ಲಾಳದ ಪೆಟ್ಟಿಗೆಗಳು, ಎಲ್ಲವೂ ಹಿಂದೆ, ಗಾಡಿಯ ಹಿಂಭಾಗ ಕುಕ್ಕರಿಸಿ ಮೂತಿ ಮೇಲೆ, ಏನಮ್ಮ ವರ್ನಾ, ನಿನ್ನ ಗಾಡಿ ಮೋಡ ಎಣಿಸ್ತಾ ಇದ್ಯಾ ಅಂತ ಆರ್ವಲ್ ಗೇಟಿನಲ್ಲೇ ಕೇಳಿದ್ದ, ಅವಳೂ ನಕ್ಕಿದ್ದಳು, ಆದರೆ ಮೊನ್ನೆ ಗುರುವಾರ ಘಾಟಿ ಇಳಿಯುವಾಗ ತಿರುವಿನಲ್ಲಿ ಸ್ಟೇರಿಂಗ್ ಕೈಯಲ್ಲಿ ಹಗುರಾಯಿತು, ತಿರುಗಿಸಿದರೂ ಮುಂದಿನ ಚಕ್ರ ನೆಲ ಹಿಡಿಯದು, ಜಲ್ಲಿಯಂಚಿಗೆ ಹೋಗಿ ನಿಂತಾಗ ಕಿಟಕಿಯಾಚೆ ಬರೀ ಗಾಳಿ, ತುಂಬಾ ಕೆಳಗೆ ನದಿ — ರಾಯ್ಸ್‌ಗೆ ಹೇಳಲಿಲ್ಲ, ಚಕ್ರಕ್ಕೆ ಅಂಟಿದ ಜಲ್ಲಿಯನ್ನು ಅವನು ನೋಡುವ ಮೊದಲೇ ನೀರು ಹೊಡೆದು ತೊಳೆದಳು.

ನಿನ್ನೆ ಸ್ಪ್ರಿಂಗಿನ ಮೇಲೆ ಭಾರ ತಡೆಯುವ ರಬ್ಬರಿನ ಗಾಳಿಚೀಲ, ಸಂದು ತುಂಬಲು ಅದರಡಿ ಒಂದೊಂದು ಕಬ್ಬಿಣದ ತುಂಡು ಕೂರಿಸಿ, ಸಾಮಾನೆಲ್ಲ ಹೇರಿ, ಅರವತ್ತು ಪೌಂಡು ಗಾಳಿ ತುಂಬಿ ಟೇಪು ಹಿಡಿದರೆ ಹಿಂದೂ ಮುಂದೂ ಒಂದೇ ಮಟ್ಟ, ಮೂತಿ ಇಳಿದಿತ್ತು, ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಕುಗ್ಗಿದ್ದ ಹಿಂಭಾಗ ಎದ್ದು ಸಾಮಾನಿಡುವ ಹಲಗೆ ಅವಳ ಪಕ್ಕೆಲುಬಿನ ಮಟ್ಟಕ್ಕೆ ಬಂತಲ್ಲ, ಅಡಿಗಲ್ಲನ್ನು ತೊಡೆಗೆ, ತೊಡೆಯಿಂದ ಎದೆಗೆ, ದಿನಕ್ಕೆ ಆರು ಸಲ, ಅದೇ ಗುರುವಾರ, ಹಿಂಭಾಗ ಇನ್ನೂ ಕುಗ್ಗಿದ್ದಾಗಲೇ, ಎರಡು ಸಲ ಎತ್ತಿ ಎರಡು ಸಲವೂ ಇಳಿಸಿದಾಗ ಆರ್ವಲ್ ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡು ಮೇಲಿಟ್ಟ, ಒಂದು ತಮಾಷೆಯೂ ಇಲ್ಲ, ಮೋಡ ಎಣಿಸ್ತಾ ಇದ್ಯಾ ಅಂದಿದ್ದರೆ ಎಷ್ಟೋ ವಾಸಿಯಿತ್ತು. ದಿಮ್ಮಿ ತೆಗೆಯಲೇಬೇಕು. ಎತ್ತರಕ್ಕೆಂದು ಅವನೇ ಮುಂದಿನ ಸ್ಪ್ರಿಂಗಿಗೆ ಕೂರಿಸಿದ್ದ ಬಿಲ್ಲೆಗಳನ್ನು ಬೆಳಿಗ್ಗೆ ಅವನು ಏಳುವ ಮೊದಲೇ ಕಳಚಿಯಾಯಿತು, ಕಳ್ಳಿಯ ಹಾಗೆ, ಅವಳದೇ ಅಂಗಳದಲ್ಲಿ. ಏಪ್ರಿಲ್‌ಗೆ ಕೆಲಸಕ್ಕೆ ನಾನೇ ಹೋಗ್ತೀನಿ, ಗಾಡಿ ಹಾಗೇ ಇರ್ಲಿ, ಚಳಿಗಾಲವೆಲ್ಲ ಕಾಫಿ ಕುಡಿಯುತ್ತಾ ಅವನು ಹೇಳಿದ್ದು ಅದೇ, ಏಪ್ರಿಲ್ ಹೋಯಿತು, ಮೇ ಹೋಯಿತು, ನಡೀತಾರೆ, ಆದ್ರೆ ಕುದುರೆ ಕೆಳಗೆ ಬಗ್ಗೋ ಮಾತಿಲ್ಲ ಅಂತ ಡಾಕ್ಟರು ಇಬ್ಬರಿಗೂ ಸೇರಿಸಿಯೇ ಹೇಳಿದ್ದರು, ಅವನು ಕಿಟಕಿ ನೋಡುತ್ತಿದ್ದ, ಅವಳು ಅವನನ್ನು ನೋಡುತ್ತಿದ್ದಳು, ಆಮೇಲೆ ಮನೆಯಲ್ಲಿ ಆ ಮಾತು ಬರಲೇ ಇಲ್ಲ — ಬೋಲ್ಟು ಕಿರುಗುಟ್ಟಿ ಸಡಿಲವಾಯಿತು, ಇನ್ನೊಂದೂ ಬಂತು, ಜಾಕು ಒಂದಿಷ್ಟು ಮೇಲೆ, ಸುತ್ತಿಗೆಯ ಏಟು, ದಿಮ್ಮಿ ಜಾರಿ ನೆಲಕ್ಕೆ ಬಿದ್ದ ಸದ್ದಿಗೆ ಅಡುಗೆಮನೆಯ ಜಾಲರಿ ಬಾಗಿಲು ತೆರೆದುಕೊಂಡಿತು.

ವಾಕರಿನ ನಾಲ್ಕು ಕಾಲು, ನಡುವೆ ಅವನ ಬೂಟು, ಚಕ್ರಗಳ ಸಂದಿಯಿಂದ ಅಷ್ಟೇ ಕಾಣುತ್ತದೆ, ಬೈಯಲಿ, ಬೈದುಬಿಡಲಿ, ಉತ್ತರ ಕೊಡುವ ತ್ರಾಣವೂ ಇಲ್ಲ, ಬೂಟು ಬಂತು, ನಿಂತಿತು, ಕುರ್ಚಿ ಎಳೆದ ಸದ್ದು, ಆಮೇಲೆ ಅವನ ದನಿ, ನಿಧಾನಕ್ಕೆ, ಹಿಂದೆ ಕುದುರೆ ಹಿಡಿಯುವುದನ್ನು ಕಲಿಸುವಾಗ ಇದ್ದ ದನಿ — ಗಾಳಿಚೀಲದಡಿ ಇಟ್ಟಿದ್ದೀಯಲ್ಲ ತುಂಡು, ಅದನ್ನೂ ತೆಗಿ, ಇಲ್ಲಾಂದ್ರೆ ಚೀಲ ನಜ್ಜಾಗತ್ತೆ. ಸರಿ ಅಂದಳು. ಹಳೇ ಬೋಲ್ಟು ಹಾಕ್ಬೇಡ, ಉದ್ದ ಆಗತ್ತೆ, ಗಿಡ್ಡದ್ದು ಬೇಕು. ಇದೆ ಅಂದಳು, ತಂದಿಟ್ಟಿದ್ದೀನಿ. ಯಾವಾಗ ತಂದೆ ಅಂದ. ಸುಳ್ಳು ಹೇಳಬಹುದಿತ್ತು, ಹೋದ ವಾರ ಅನ್ನಬಹುದಿತ್ತು, ಬಾಯಿಗೆ ಅದೂ ಭಾರವಾಯಿತು, ಫೆಬ್ರವರಿಯಲ್ಲಿ ಅಂದಳು. ಗಾಳಿ ಬೀಸಿತು, ತಗಡಿನ ಚಾವಣಿ ಬಡಿದುಕೊಂಡಿತು, ಅದನ್ನ ಇತ್ತ ತಳ್ಳು ಅಂದ ಅವನು, ಅವಳು ದಿಮ್ಮಿಯನ್ನು ಕಾಲಿನಿಂದ ಅವನತ್ತ ನೂಕಿದಳು, ಇನ್ನೊಂದು ಕಡೆಯದನ್ನೂ ಬಿಚ್ಚಿದಳು, ಚೀಲದಡಿಯ ತುಂಡುಗಳನ್ನು ತೆಗೆದಳು, ಗಿಡ್ಡ ಬೋಲ್ಟುಗಳನ್ನು ಬಿಗಿದಳು, ಹೊರಗೆ ತೆವಳಿ ಜಾಕು ಇಳಿಸಿದಳು, ಎದ್ದು ನಿಂತರೆ ಹಲಗೆ ಸೊಂಟಕ್ಕೆ ಬಂದಿದೆ, ಸರಿಯಾಗಿ ಸೊಂಟಕ್ಕೆ, ಅದನ್ನು ಹೇಳೋಣವೆಂದು ತಿರುಗಿದಳು, ರಾಯ್ಸ್ ದಿಮ್ಮಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಿಯ ತುದಿಯಿಂದ ಒರೆಸುತ್ತಿದ್ದ, ಕೊಡು, ಗುಜರಿಗೆ ಹಾಕ್ತೀನಿ ಅಂದಳು, ಕೈ ಚಾಚಿದಳು, ಅವನು ಒರೆಸುತ್ತಿದ್ದ, ತುಕ್ಕು ಹೋಗಿ ಒಂದು ಮೂಲೆ ಹೊಳೆಯತೊಡಗಿತ್ತು, ಅವಳ ಕೈ ಚಾಚಿದ ಹಾಗೇ ಇತ್ತು, ಅವನು ಒರೆಸುತ್ತಿದ್ದ, ಆ ಮೂಲೆ, ಆ ಒಂದೇ ಮೂಲೆ