ಭಟ್ಟಿಯಿಂದ ಈಚೆಗೆ

“ಎಲ್ಲಿ, ಈಗ ಕೆಂಪಾಗಿ ನೋಡೋಣ,” ಎಂದರು ಡಾಕ್ಟರು.

ಅವಳು ಉಸಿರು ಬಿಗಿಹಿಡಿದು ತಿಣುಕಿದಳು. ಜಪ್ಪಯ್ಯ ಎಂದರೂ ಮುಖಕ್ಕೆ ಒಂದು ಹನಿ ರಕ್ತ ಏರಲಿಲ್ಲ. ಬೇಡವೆಂದಾಗಲೆಲ್ಲ ಓಡಿ ಬರುತ್ತಿದ್ದ ಪೀಡೆ, ಬಾ ಎಂದರೆ ನಾಪತ್ತೆ.

ಈ ಕೆಂಪಿಗೆ ಹೆದರಿಯೇ ಅವಳು ಹನ್ನೊಂದು ವರ್ಷದಿಂದ ಬೇಕರಿಯ ಭಟ್ಟಿಯ ಮುಂದೆ ನಿಂತಿದ್ದಳು. ಅಲ್ಲಿ ಎಲ್ಲರ ಮುಖವೂ ಕೆಂಪೇ, ಯಾರು ಯಾರನ್ನು ಕೇಳಬೇಕು? ಹೋದ ವರ್ಷ ಬ್ರೆಡ್ಡಿನ ನಡು ಹಸಿಯಾಗಿ ಉಳಿಯುತ್ತಿದ್ದಾಗ, ಭಟ್ಟಿಯೊಳಗಿನ ಬ್ರೆಡ್ಡಿನ ಅಚ್ಚುಗಳ ನಡುವೆ ಜಾಗ ಬಿಡಬೇಕೆಂದು ಕಂಡುಹಿಡಿದವಳು ಅವಳೇ. ಮಾಲೀಕರು ಎಲ್ಲರನ್ನೂ ವ್ಯಾಪಾರ ನಡೆಯುವ ಮುಂದಿನ ಕೋಣೆಗೆ ಕರೆದು ಇದು ಯಾರ ಯೋಚನೆ ಎಂದು ಕೇಳಿದಾಗ ಕೆನ್ನೆ ಸುಡತೊಡಗಿತು, ತಲೆ ತಗ್ಗಿಸಿಬಿಟ್ಟಳು. ಪಕ್ಕದ ಭಟ್ಟಿಯವನು ತನ್ನದೇ ಎಂದ. ಆ ಸಂಕಟ ಇನ್ನೂ ಆರಿರಲಿಲ್ಲ. ಈಗ ಭಟ್ಟಿಗಳ ಮೇಸ್ತ್ರಿ ಕೆಲಸ ಬಿಡುತ್ತಿದ್ದರು. ಆ ಜಾಗ ಬೇಕೆಂದವರು ಇಪ್ಪತ್ತು ಜನರೆದುರು ನಿಂತು ಕೆಲಸ ವಿವರಿಸಬೇಕಿತ್ತು. ಪಕ್ಕದವನಂತೂ ತುದಿಗಾಲಲ್ಲಿ ನಿಂತಿದ್ದ.

“ರಕ್ತ ಏರೋದು ಕಾಯಿಲೆ ಅಲ್ಲಮ್ಮ. ಏರಿಬಿಟ್ರೆ ಅಂತ ಕಾವಲು ಕೂತಿದೀರಲ್ಲ, ಅದೇ ಅದನ್ನ ಕರೆಯೋದು,” ಎಂದರು ಡಾಕ್ಟರು. ಮೂರು ವಾರ, ದಿನಕ್ಕೊಬ್ಬರ ಮುಂದೆ, ಈಗ ಕೆಂಪಾಗ್ತೀನಿ ಎಂದು ಮೊದಲೇ ಹೇಳಿ, ಬೇಕೆಂದೇ ಕೆಂಪಾಗಲು ನೋಡಬೇಕೆಂದು ಅಪ್ಪಣೆಯಾಯಿತು.

ಮೊದಲ ದಿನ ನಾದಿನಿಯ ಮುಂದೆ ಕೂತು ಹೆಣಗಿದಳು. “ಬೇಕಾದ್ರೆ ಕೆನ್ನೆಗೆ ಎರಡು ಬಿಡ್ಲಾ ಅತ್ತಿಗೆ?” ಎಂದು ನಾದಿನಿ ಬಿದ್ದು ಬಿದ್ದು ನಕ್ಕಳು. ಹಾಲಿನವನ ಮುಂದೆ ಮಾತ್ರ ಮುಖ ನಿಜವಾಗಿಯೂ ಕೆಂಪಾಯಿತು. ಅವನು ಹಾಲು ಕೊಟ್ಟು ಹೋದ. ಅಷ್ಟೇ. ಇಷ್ಟಕ್ಕಾ ನಾನು ಹನ್ನೊಂದು ವರ್ಷ ಬೆಂದದ್ದು ಎಂದು ಅವಳಿಗೆ ಅಳುವೇ ಬಂತು.

ಮೇಸ್ತ್ರಿಯನ್ನು ಆರಿಸುವ ದಿನ ಮುಂದಿನ ಕೋಣೆಯಲ್ಲಿ ಅವಳ ಸರದಿ ಬಂದಾಗ ಕೆನ್ನೆ, ಕಿವಿ, ಕುತ್ತಿಗೆ ಒಟ್ಟಿಗೇ ಹೊತ್ತಿಕೊಂಡವು. ಪಕ್ಕದ ಭಟ್ಟಿಯವನು ಯಾರನ್ನೋ ಮೊಣಕೈಯಿಂದ ತಿವಿದು ನಕ್ಕ.

“ನನ್ನ ಮುಖ ಕೆಂಪಾಗಿದೆ. ಇನ್ನೂ ಆಗುತ್ತೆ, ಆಗಲಿ,” ಎಂದಳು. “ಹೋದ ವರ್ಷ ಅಚ್ಚು ದೂರ ದೂರ ಇಡಿಸಿದ್ದು ನಾನು. ಯಾಕೆ ಅಂತ ಹೇಳ್ತೀನಿ ಕೇಳಿ.”

ಬಿಸಿಗಾಳಿ ಅಚ್ಚುಗಳ ಸುತ್ತ ಹೇಗೆ ಓಡಾಡುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದಳು. ಹಾಗಾದರೆ ಮೂಲೆಯ ಅಚ್ಚುಗಳಿಗೆ ಎಷ್ಟು ಜಾಗ ಬೇಕೆಂದು ಮಾಲೀಕರು ಪಕ್ಕದವನನ್ನು ಕೇಳಿದರು. ಅವನು ತಡವರಿಸಿದ. ಎರಡು ಬೆರಳು ಹೆಚ್ಚು ಎಂದು ಅವಳೇ ಹೇಳಿದಳು.

“ನಾಳೆಯಿಂದ ಭಟ್ಟಿಗಳೆಲ್ಲ ನಿಮ್ಮ ಜವಾಬ್ದಾರಿ ಕಣಮ್ಮ,” ಎಂದರು ಮಾಲೀಕರು.

ಗಾಜಿನ ಬಾಗಿಲಿನಾಚೆ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದರು. ಬಾಗಿಲು ತೆರೆಯಲು ಅವಳೇ ಹೋದಳು, ಉರಿಯುವ ಮುಖವನ್ನು ಎತ್ತಿಕೊಂಡೇ.