ಎರಡು ಸೀಟಿನ ಹಳದಿ ಕಾರು

ಕಣ್ಣಿನ ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಬಸವೇಶನ ಎರಡೂ ಕಣ್ಣುಗಳ ಒಳಪರದೆ ಅಂಚಿನಿಂದ ಸವೆಯುತ್ತಿದೆ ಎಂದರು. ಕತ್ತಲಾದ ಮೇಲೆ ಸರಿಯಾಗಿ ಕಾಣದೇ ಇರುವುದು ಅದರ ಶುರು. ಮುಂದೆ ಪಕ್ಕದ ನೋಟ ಸ್ವಲ್ಪ ಸ್ವಲ್ಪವಾಗಿ ಕಿರಿದಾಗುತ್ತಾ ಬರುತ್ತದೆ. ಇದಕ್ಕೆ ಔಷಧಿ ಅಂತ ಇಲ್ಲ.

"ಎಷ್ಟು ವರ್ಷ ಸಾರ್?" ಎಂದು ಅವನ ಹೆಂಡತಿ ಶಿಲ್ಪಶ್ರೀ ಕೇಳಿದಳು.

"ಹೇಳೋದು ಕಷ್ಟ ಅಮ್ಮ. ಕೆಲವರಿಗೆ ನಿಧಾನ, ಕೆಲವರಿಗೆ ಬೇಗ. ರಾತ್ರಿ ಗಾಡಿ ಓಡಿಸೋದು ಇವತ್ತಿಂದಲೇ ಬೇಡ. ಹಗಲು ಕೂಡ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ, ನಾವು ಸರಿ ಅಂದ್ರೆ ಮಾತ್ರ."

ಉಡುಪಿಯಿಂದ ಹೊರಟ ಬಸ್ಸು ಆಗುಂಬೆ ಘಾಟಿ ಹತ್ತಿತು. ಶೃಂಗೇರಿಯಲ್ಲಿ ಬಸ್ಸು ನಿಂತಾಗ ಬಸವೇಶ ಇಳಿದು ಹೋಗಿ ಎರಡು ಪೇಪರ್ ಲೋಟದಲ್ಲಿ ಕಾಫಿ ತಂದ. ಒಂದನ್ನು ಹೆಂಡತಿಯ ಕೈಗಿಡುತ್ತಾ, "ಶಿಲ್ಪ, ನಾನೊಂದು ಕಾರು ತಗಳ್ಬೇಕು" ಎಂದ.

"ಎಂತ ಕಾರು? ಓಮ್ನಿ ಇದ್ಯಲ್ಲ."

"ಓಮ್ನಿ ಪಂಪು ಹೊರೋದಕ್ಕೆ. ಇದು ಬೇರೆ. ಮಂಗಳೂರಲ್ಲಿ ಒಬ್ರು ಮಾರ್ತಿದಾರೆ. ಸಣ್ಣದು, ಮೇಲೆ ಬಟ್ಟೆ ಚಾವಣಿ. ಇಬ್ರಿಗೆ ಮಾತ್ರ ಜಾಗ."

"ಡಾಕ್ಟ್ರು ಹೇಳಿದ್ದು ಕೇಳಿಸ್ತಾ ನಿಮ್ಗೆ?"

"ಕೇಳಿಸ್ಕಂಡೇ ಹೇಳ್ತಿರೋದು. ಕಾಣ್ತಿರೋವಾಗ್ಲೇ ಓಡಿಸ್ಬೇಕಲ್ಲ ಮಾರಾಯ್ತಿ."

ಬಸ್ಸು ಕೊಪ್ಪ ದಾಟುವ ಹೊತ್ತಿಗೆ ಅವಳ ಕಾಫಿ ಮುಗಿಯದೆ ಲೋಟದಲ್ಲೇ ಆರಿತ್ತು.

ಬಸವೇಶನಿಗೆ ಎನ್.ಆರ್.ಪುರದ ಪೇಟೆಯಲ್ಲಿ ಪಂಪ್‌ಸೆಟ್ಟು, ಸ್ಪ್ರೇಯರ್‌ಗಳ ಅಂಗಡಿ. ಇಪ್ಪತ್ತರ ಪ್ರಾಯದಲ್ಲಿ ಅವನಿಗೆ ಕಾರಿನ ಹುಚ್ಚು ಹಿಡಿದಿತ್ತು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ರ್‍ಯಾಲಿ ನಡೆದರೆ ಗೆಳೆಯ ಸುಂದರೇಶನ ಜತೆ ಬೈಕಿನಲ್ಲಿ ಹೋಗಿ ಧೂಳು ತಿಂದು ಬರುತ್ತಿದ್ದ. ಒಮ್ಮೆ ಯಾರದೋ ಹಳೇ ಕಾರು ಕೇಳಿ ಪಡೆದು ತಾನೇ ಓಡಿಸಿದ್ದೂ ಉಂಟು. ಮರುವರ್ಷ ತಂದೆ ತೀರಿಕೊಂಡರು. ಅಂಗಡಿ ಅವನ ತಲೆಗೆ ಬಂತು. ಸುಂದರೇಶ ಕೊಪ್ಪದಲ್ಲಿ ಗ್ಯಾರೇಜ್ ಹಾಕಿದ. ಹುಚ್ಚು ಬಿಟ್ಟಿತು ಎಂದೇ ಎಲ್ಲರೂ ತಿಳಿದಿದ್ದರು. ಮದುವೆಯಾಗಿ ಹದಿನೆಂಟು ವರ್ಷವಾದರೂ ಶಿಲ್ಪಶ್ರೀಗೆ ಅವನ ಬಾಯಿಂದ ರ್‍ಯಾಲಿಯ ಮಾತು ಕೇಳಿದ ನೆನಪಿರಲಿಲ್ಲ.

ಕಾರು ಬಂತು. ಗೋವೆಯ ಕಡೆ ಕೆಲವೇ ವರ್ಷ ತಯಾರಾಗಿ ಆಮೇಲೆ ನಿಂತುಹೋದ ಜಾತಿಯದು. ಮೈಯೆಲ್ಲ ಫೈಬರು, ಅರಿಸಿನದ ಬಣ್ಣ. ಅದನ್ನು ತರಲು ಬಸವೇಶನ ಜತೆ ಹೋಗಿದ್ದ ಸುಂದರೇಶ ಅಂಗಳದಲ್ಲಿ ನಿಂತು ನಗುತ್ತಿದ್ದ. "ನೋಡಿ ಅತ್ತಿಗೆ, ನಾಕು ಜನ ಸೇರಿದ್ರೆ ಎತ್ತಿ ಆ ಕಡೆ ಇಡಬೋದು. ತೂಕವೇ ಇಲ್ಲ. ಅದ್ಕೇ ಹಿಂಗೆ ಓಡ್ತದೆ."

"ಇಬ್ರೇ ಕೂರೋದಾ?" ಎಂದು ಅಕ್ಕಪಕ್ಕದವರು ಕೇಳಿದರು.

"ಇರೋದೇ ಇಬ್ರಲ್ಲ" ಎಂದ ಬಸವೇಶ. ಮಕ್ಕಳಿಲ್ಲದ ಮಾತನ್ನು ಅವನು ಅಷ್ಟು ಹಗುರವಾಗಿ ಆಡಿದ್ದನ್ನು ಶಿಲ್ಪಶ್ರೀ ಅಂದೇ ಮೊದಲು ಕೇಳಿದ್ದು.

ಆ ಕಾರಿನ ಜತೆ ಬಾಳುವುದು ಸುಲಭವಿರಲಿಲ್ಲ. ಸೀರೆಯುಟ್ಟು ಒಳಗೆ ಕೂರಬೇಕೆಂದರೆ ಮೊದಲು ಕುಕ್ಕರಗಾಲಲ್ಲಿ ಇಳಿದು, ಆಮೇಲೆ ಕಾಲು ಎಳೆದುಕೊಳ್ಳಬೇಕಿತ್ತು. ಹೈಸ್ಕೂಲು ಟೀಚರಾದ ಅವಳು ಶಾಲೆಯ ಮುಂದೆ ಹಾಗೆ ಇಳಿಯುವಾಗ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ರಸ್ತೆಯ ಹಂಪು ಬಂದರೆ ಹೊಟ್ಟೆ ಉಜ್ಜದಂತೆ ಓರೆಯಾಗಿ ಹತ್ತಿಸಬೇಕು. ಮಳೆ ಬಂದರೆ ಬಾಗಿಲ ಸಂದಿಯಿಂದ ನೀರು ಸೋರಿ ಅವಳ ಚಪ್ಪಲಿ ತೇಲುತ್ತಿತ್ತು. ಕಿಗ್ಗದಲ್ಲಿ ನಿಲ್ಲಿಸಿ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಮಂಗಗಳು ಚಾವಣಿಯ ಬಟ್ಟೆ ಹರಿದು, ಸೀಟಿನ ಮೇಲೆ ಕೂತು ಅವಳ ಬಾಳೆಹಣ್ಣು ತಿನ್ನುತ್ತಿದ್ದವು. ಬಿಡಿಭಾಗ ಎಲ್ಲೂ ಸಿಗದು. ಸುಂದರೇಶ ಬೇರೆ ಬೇರೆ ಗಾಡಿಗಳಿಂದ ತೆಗೆದು ಹೊಂದಿಸುತ್ತಿದ್ದ.

ಆದರೆ ಭಾನುವಾರ ಬೆಳಗ್ಗೆ ಚಾವಣಿ ಮಡಚಿ ಹೊರಟರೆ ಅದೆಲ್ಲ ಮರೆಯುತ್ತಿತ್ತು. ಕೊಪ್ಪ ದಾಟಿ ಹರಿಹರಪುರದ ಮೇಲೆ ಶೃಂಗೇರಿ, ಅಲ್ಲಿಂದ ಸಿರಿಮನೆ ಜಲಪಾತದ ತನಕ. ತಿರುವಿನಲ್ಲಿ ಕಾರು ವಾಲದೆ ನೆಲ ಕಚ್ಚಿಕೊಂಡು ಹೊರಳುತ್ತಿತ್ತು. ಬಸವೇಶ ವೇಗವಾಗಿ ಓಡಿಸುವವನಲ್ಲ. ಗೇರು ಬದಲಿಸುವಾಗ ಒಂದಿಷ್ಟೂ ಎಳೆತವಾಗದಂತೆ, ಮಲಗಿದ ಮಗುವನ್ನು ಕೈ ಬದಲಿಸಿ ಎತ್ತಿಕೊಂಡಂತೆ ಓಡಿಸುತ್ತಿದ್ದ. ಹುಬ್ಬು ಸಡಿಲವಾಗಿ, ಅವಳು ಮದುವೆಯ ಹೊಸತರಲ್ಲೂ ನೋಡಿರದ ಮುಖವೊಂದು ಅವನಿಗೆ ಬರುತ್ತಿತ್ತು. ಮೊದಮೊದಲು ಗಂಡನ ಸಮಾಧಾನಕ್ಕೆಂದು ಹೋಗುತ್ತಿದ್ದವಳು, ಆಮೇಲೆ ಶನಿವಾರವೇ ತಲೆಗೆ ಕಟ್ಟುವ ಸ್ಕಾರ್ಫು ಒಗೆದಿಡತೊಡಗಿದಳು. ಅವನು ಏಳುವುದು ತಡವಾದರೆ, "ಇವತ್ತು ಹೋಗಲ್ವಾ?" ಎಂದು ತಾನೇ ಕೇಳುತ್ತಿದ್ದಳು.

ಮೊದಲನೆಯ ಪರೀಕ್ಷೆಗೆ ಹೋದಾಗ, "ಹಗಲು ಪರವಾಗಿಲ್ಲ, ಹುಷಾರಾಗಿರಿ" ಎಂದರು. ಎರಡನೆಯದಕ್ಕೂ ಅದೇ. ಮೂರನೆಯದು ತೋಟಕ್ಕೆ ಔಷಧಿ ಹೊಡೆಯುವ ಕಾಲಕ್ಕೆ ಬಂತು. "ಸ್ಪ್ರೇಯರ್ ಸೀಸನ್ನು, ಅಂಗಡಿ ಬಿಟ್ಟು ಹೆಂಗೆ ಹೋಗದು? ಮುಂದಿನ ತಿಂಗ್ಳು ನೋಡಣ" ಎಂದ ಬಸವೇಶ. ಶಿಲ್ಪಶ್ರೀ ಹೂಂ ಎಂದಳು. ಮುಂದಿನ ತಿಂಗಳು ಅವನು ನೆನಪಿಸಲಿಲ್ಲ. ಅವಳೂ ಎತ್ತಲಿಲ್ಲ.

ಅಷ್ಟರಲ್ಲಾಗಲೇ ಅವನು ಊಟಕ್ಕೆ ಕೂತಾಗ ಎಡಗೈ ಬದಿಯ ನೀರಿನ ಲೋಟ ಉರುಳಿಸುತ್ತಿದ್ದ. ಅಂಗಡಿಯಲ್ಲಿ ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಿದ್ದ. ಕಾರಿನಲ್ಲಿ ಅವಳು ಮೆಲ್ಲಗೆ ಹೇಳತೊಡಗಿದಳು: "ಎಡಕ್ಕೆ ಬೈಕು." "ಒಂದು ದನ ಇದೆ." ಒಂದು ದಿನ ಮೇಗುಂದದ ಕಡೆ ಹೋಗುವಾಗ, "ಶಾಲೆ ಮಕ್ಕಳು ಬರ್ತಿದಾರೆ ರೀ" ಎಂದದ್ದಕ್ಕೆ ಅವನು ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿಬಿಟ್ಟ.

"ನಂಗೆ ಕಾಣ್ತದೆ ಶಿಲ್ಪ."

"ಕಾಣ್ತದೆ ಅಂತ ಗೊತ್ತು. ಸುಮ್ನೆ ಹೇಳ್ದೆ."

"ಹೇಳ್ಬೇಡ. ನೀನು ಹೇಳಿದಾಗೆಲ್ಲ ನಾನು ಕುರುಡ ಆಗ್ಹೋದೆ ಅನ್ನಿಸ್ತದೆ. ಇದೊಂದು ಕಡೆ ಬಿಟ್ಬಿಡು ನನ್ನ."

ಅವನು ಜೋರು ಮಾಡಿ ಹೇಳಿದ್ದರೆ ಅವಳೂ ಜೋರು ಮಾಡುತ್ತಿದ್ದಳೋ ಏನೋ. ಅವನು ಬೇಡಿಕೊಂಡ. ಅಂದಿನಿಂದ ಅವಳು ನಾಲಿಗೆ ಕಚ್ಚಿ ಕೂರುವುದನ್ನು ಕಲಿತಳು. ಹೇಳಬೇಕೆನಿಸಿದಾಗ ಸ್ಕಾರ್ಫಿನ ಗಂಟು ಬಿಗಿಮಾಡಿಕೊಳ್ಳುತ್ತಿದ್ದಳು.

ಅದಾದ ಮೇಲೆ ಬಂದ ಪುಷ್ಯ ಮಾಸದ ಒಂದು ಭಾನುವಾರ. ಇಬ್ಬನಿ ಕರಗಿ ಬಿಸಿಲು ಬಿದ್ದಿತ್ತು. ಕಡಹಿನಬೈಲಿನ ಹತ್ತಿರ ರಸ್ತೆ ನೆಟ್ಟಗಿದೆ, ಎರಡೂ ಕಡೆ ಕೊಯ್ಲಾದ ಗದ್ದೆ. ಎಡಬದಿಯಲ್ಲಿ ಎದುರಿನಿಂದ ಕೆಂಪು ಸೀರೆಯ ಹೆಂಗಸೊಬ್ಬಳು ಹಾಲಿನ ಕ್ಯಾನು ಹಿಡಿದು ಡೈರಿಯ ಕಡೆ ನಡೆದು ಬರುತ್ತಿದ್ದಳು. ಶಿಲ್ಪಶ್ರೀ ಅವಳನ್ನು ತುಂಬ ದೂರದಿಂದಲೇ ನೋಡಿದಳು. ಇಷ್ಟು ಬೆಳಕಿನಲ್ಲಿ, ಇಷ್ಟು ಕೆಂಪಗೆ ಕಾಣುವವಳನ್ನು ತೋರಿಸಿ 'ನೋಡಿ' ಎಂದರೆ ಅವನಿಗೆ ಎಷ್ಟು ನೋವಾದೀತು ಎಂದುಕೊಂಡಳು. ಸುಮ್ಮನಿದ್ದಳು. ಕಾರು ಪಕ್ಕಕ್ಕೆ ಸರಿಯಲಿಲ್ಲ. "ರೀ!" ಎಂದು ಅವಳು ಕಿರುಚುವುದಕ್ಕೂ ಎಡಗಡೆಯ ಕನ್ನಡಿ ಬಡಿದು ಒಡೆಯುವುದಕ್ಕೂ ಸರಿಹೋಯಿತು.

ಬಸವೇಶ ಬ್ರೇಕು ಒತ್ತಿ ನಿಲ್ಲಿಸಿದ. ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಕೇಳಿದ:

"ಎಂತ ತಾಗಿದ್ದು?"

ಅವನಿಗೆ ಆ ಹೆಂಗಸು ಕಂಡೇ ಇರಲಿಲ್ಲ. ಬಡಿದ ಮೇಲೂ ಬಡಿದದ್ದು ಮನುಷ್ಯರಿಗೆ ಎಂದು ಗೊತ್ತಾಗಿರಲಿಲ್ಲ.

ಹೆಂಗಸು ಚರಂಡಿಯಲ್ಲಿ ಬಿದ್ದಿದ್ದಳು. ಹಾಲು ಗದ್ದೆಯ ಬದುವಿನ ಮೇಲೆ ಚೆಲ್ಲಿತ್ತು. ಪ್ರಜ್ಞೆ ಇತ್ತು, ಸೊಂಟ ಮುಟ್ಟಲು ಬಿಡುತ್ತಿರಲಿಲ್ಲ. ಶಿಲ್ಪಶ್ರೀ ಇಳಿದು ಓಡಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಸವೇಶ ಕಾರಿನ ಬಾಗಿಲು ತೆಗೆಯುವುದು, ಒಳಗೆ ನೋಡುವುದು, ಮತ್ತೆ ಮುಚ್ಚುವುದು ಮಾಡುತ್ತಿದ್ದ. ಸೊಂಟ ಮುರಿದವಳನ್ನು ಆ ಕಾರಿನಲ್ಲಿ ಎಲ್ಲಿ ಮಲಗಿಸುವುದು? ಸಂತೆಗೆ ಹೊರಟಿದ್ದ ಬಾಳೆಕಾಯಿಯ ಗಾಡಿಯೊಂದು ಬರುವವರೆಗೂ ಅವರು ರಸ್ತೆಯಲ್ಲೇ ಕಾಯಬೇಕಾಯಿತು. ಅಷ್ಟು ಹೊತ್ತೂ ಅವಳು, "ಅಯ್ಯೋ ನನ್ನ ಹಾಲು, ಹಾಲು ಹೋಯ್ತಲ್ಲ" ಎನ್ನುತ್ತಿದ್ದಳು. ಹೆಸರು ಕೇಳಿದರೆ ಕಮಲಕ್ಕ ಎಂದಳು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ರಾಡು ಹಾಕಿದರು. ಪೊಲೀಸ್ ಸ್ಟೇಷನ್ನಿಗೆ ಹೋಗುವ ಮುಂಚೆ ಪೇಟೆಯ ಹಿರಿಯರೊಬ್ಬರು ಬಸವೇಶನನ್ನು ಕರೆದು, "ಕಣ್ಣಿನ ವಿಚಾರ ಎತ್ತಬೇಡ ಮಾರಾಯ. ಅವ್ಳೇ ಅಡ್ಡ ಬಂದ್ಲು ಅಂದ್ರೆ ಮುಗೀತು" ಎಂದು ಬುದ್ಧಿ ಹೇಳಿದರು. ಬಸವೇಶ ತಲೆಯಾಡಿಸಿ ಕೇಳಿಸಿಕೊಂಡ. ಸ್ಟೇಷನ್ನಿನಲ್ಲಿ ಕೂತು, ನನಗೆ ಪಕ್ಕದ್ದು ಕಾಣುವುದಿಲ್ಲ, ಡಾಕ್ಟರ ಪರೀಕ್ಷೆ ತಪ್ಪಿಸಿದ್ದೇನೆ, ತಪ್ಪು ಪೂರಾ ನನ್ನದು ಎಂದು ಹೇಳಿ ಬಂದ. ಲೈಸೆನ್ಸು ಹೋಯಿತು. ಕೇಸು ನಡೆಯಿತು.

ಆಸ್ಪತ್ರೆಯಲ್ಲಿ ರಾತ್ರಿ ಹಗಲು ಕಮಲಕ್ಕನ ಜತೆ ಇದ್ದವಳು ಶಿಲ್ಪಶ್ರೀ. ಕಮಲಕ್ಕನಿಗೆ ಗಂಡ ಇರಲಿಲ್ಲ, ಮಗಳು ಬಾಣಂತಿ. ಒಂದು ದಿನ ತಲೆ ಬಾಚಿಸಿಕೊಳ್ಳುತ್ತಾ ಕಮಲಕ್ಕ ಹೇಳಿದಳು:

"ನಿಮ್ಮ ಕಾರು ಬರೋದು ನಾ ನೋಡಿದ್ದೆ ಟೀಚ್ರೇ. ಸರೀಬೋದಿತ್ತು. ಅವ್ರಿಗೆ ನಾ ಕಾಣ್ತೀನಲ್ಲ ಅಂತ ಮಾಡ್ಕಂಡೆ."

ಶಿಲ್ಪಶ್ರೀಯ ಕೈಯಲ್ಲಿ ಬಾಚಣಿಗೆ ನಿಂತಿತು. ನಾನೂ ಹಾಗೇ ಅಂದುಕೊಂಡೆ ಎಂದು ಹೇಳಲು ಬಾಯಿ ತೆರೆದಳು. ಆದರೆ ತಾನು ಅಂದುಕೊಂಡದ್ದು ಅದಲ್ಲ. ಅವನಿಗೆ ಕಾಣದೇ ಇರಬಹುದೆಂದು ತನಗೆ ಗೊತ್ತಿತ್ತು. ಅವಳು ಜಡೆ ಹೆಣೆದು ಮುಗಿಸಿದಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ, ನೀರು ಬಿಟ್ಟುಕೊಂಡು ಅತ್ತಳು.

ಕಮಲಕ್ಕ ಕೋಲು ಹಿಡಿದು ನಡೆಯುವಷ್ಟಾದಳು. ಬಗ್ಗಿ ಹಾಲು ಕರೆಯಲು ಆಗುತ್ತಿರಲಿಲ್ಲ, ಹಸು ಕೊಟ್ಟುಬಿಟ್ಟಳು. ಬಸವೇಶ ಕಾರಿನ ಹತ್ತಿರ ಸುಳಿಯಲಿಲ್ಲ. ಒಡೆದ ಕನ್ನಡಿ ಹಾಗೇ ನೇತಾಡುತ್ತಿತ್ತು. ಅಂಗಡಿಯಲ್ಲಿ ಪಂಪು ಬಿಚ್ಚಿ ಜೋಡಿಸುವುದನ್ನು ಅವನು ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡುತ್ತಿದ್ದುದನ್ನು ಒಂದು ಮಧ್ಯಾಹ್ನ ಶಿಲ್ಪಶ್ರೀ ನೋಡಿದಳು. ಅಂದೇ ಕೊಪ್ಪಕ್ಕೆ ಹೋಗಿ, "ನಂಗೆ ಕಾರು ಕಲಿಸಿ" ಎಂದು ಸುಂದರೇಶನನ್ನು ಕೇಳಿದಳು.

ಓಮ್ನಿಯಲ್ಲಿ ಕಲಿತು, ಲೈಸೆನ್ಸು ಮಾಡಿಸಿ, ಹಳದಿ ಕಾರಿಗೆ ಕನ್ನಡಿ ಹಾಕಿಸಿ, ಮುಂದಿನ ಮಾಘದಲ್ಲಿ ಅವಳು ಅವನನ್ನು ಎಬ್ಬಿಸಿದಳು. "ನಡೀರಿ, ಸಿರಿಮನೆಗೆ ಹೋಗಿ ಬರನ." ಅವನು ತಕರಾರು ಮಾಡದೆ ಎಡ ಸೀಟಿನಲ್ಲಿ ಕೂತ. ಅವಳಿಗೆ ಗೇರು ಬದಲಿಸುವಾಗ ಕಾರು ಜಗ್ಗುತ್ತಿತ್ತು. ಶೃಂಗೇರಿ ದಾಟಿ ಕಿಗ್ಗದ ದಾರಿ ಹಿಡಿದ ಮೇಲೆ ಅವಳ ಕೈ ಸ್ವಲ್ಪ ಪಳಗಿತು. ಗಾಳಿ ಮೊದಲಿನಂತೆಯೇ ಬಡಿಯಿತು. ಖುಷಿಯಾಗಿ ಅವನ ಕಡೆ ತಿರುಗಿ ನೋಡಿದಳು. ಅವನು ಎಡಗೈಯನ್ನು ತೊಡೆಯ ಮೇಲೆ ಮುಷ್ಟಿ ಮಾಡಿ ಇಟ್ಟುಕೊಂಡಿದ್ದ. ಗೇರು ಬದಲಾದಾಗಲೆಲ್ಲ ಆ ಮುಷ್ಟಿ ಅಲ್ಲಾಡುತ್ತಿತ್ತು.

"ಸಾಕು ಶಿಲ್ಪ. ತಿರುಗ್ಸು."

"ಇನ್ನೇನು ಬಂತು ರೀ ಸಿರಿಮನೆ."

"ನೀ ಚಂದ ಓಡಿಸ್ತಿದೀಯ. ಅದಲ್ಲ. ಇದ್ರಲ್ಲಿ ಕೂತ್ರೆ ನಂಗೆ ಒಂದೋ ಸ್ಟೇರಿಂಗ್ ಬೇಕು ಅನ್ನಿಸ್ತದೆ, ಇಲ್ಲ ಆ ಕಮಲಕ್ಕ ಬಿದ್ದ ಸದ್ದು ಕೇಳ್ತದೆ. ಎರಡೂ ಬೇಡ. ಕೊಟ್ಬಿಡನ ಇದನ್ನ."

ಅವಳು ರಸ್ತೆ ಅಗಲವಾದ ಕಡೆ ನಿಧಾನವಾಗಿ ಕಾರು ತಿರುಗಿಸಿದಳು. ಗಂಡನಿಗಾಗಿ ಕಲಿತದ್ದು ಗಂಡನಿಗೆ ಬೇಡವಾದ ದುಃಖ ಒಂದು ಕಡೆ. ತನಗೂ ಆ ಕಾರು ಅಷ್ಟು ಬೇಕಾಗಿತ್ತು ಎಂದು ಅವಳಿಗೆ ಗೊತ್ತಾದದ್ದು ಅವತ್ತೇ.

ತೀರ್ಥಹಳ್ಳಿಯ ದಂಪತಿ ಬಂದು ಕಾರು ಕೊಂಡುಹೋದರು. ಬಸವೇಶ ಬಾಗಿಲು ಎತ್ತಿ ಹಾಕಬೇಕೆಂದೂ ಮಂಗಗಳಿರುವ ಕಡೆ ನಿಲ್ಲಿಸಬಾರದೆಂದೂ ಅವರಿಗೆ ವಿವರಿಸಿ ಹೇಳಿದ. ಕಾರು ಗೇಟು ದಾಟುವ ಮೊದಲೇ ಒಳಗೆ ಹೋಗಿ ಮಲಗಿದ.

ಈಗ ಭಾನುವಾರಗಳಲ್ಲಿ ಅವರು ಬಸ್ಸು ಹಿಡಿದು ಕಡಹಿನಬೈಲಿಗೆ ಹೋಗುತ್ತಾರೆ. ಕಮಲಕ್ಕನ ಔಷಧಿ, ಸಾಮಾನು ಕೊಟ್ಟು, ಜಗಲಿಯಲ್ಲಿ ಅರ್ಧ ತಾಸು ಕೂತು ಬರುತ್ತಾರೆ. ಮೊದಮೊದಲು ಕಮಲಕ್ಕ ಬಸವೇಶನ ಜತೆ ಮಾತಾಡುತ್ತಿರಲಿಲ್ಲ, ಅವನ ಕಾಫಿ ಲೋಟವನ್ನೂ ಶಿಲ್ಪಶ್ರೀಯ ಕೈಗೇ ಕೊಡುತ್ತಿದ್ದಳು. ಕಾರು ಮಾರಿದ ವಾರ ಹೋದಾಗ ಅವಳಾಗಿಯೇ ಕೇಳಿದಳು:

"ಕಾರು ಎಂತ ಮಾಡಿದ್ರಿ?"

"ಕೊಟ್ವಿ ಕಮಲಕ್ಕ" ಎಂದ ಬಸವೇಶ.

ಅವಳು ಕೋಲನ್ನು ಗೋಡೆಗೊರಗಿಸಿ, ನೋವಾಗದಂತೆ ಮೆಲ್ಲಗೆ ಕೂತಳು.

"ಚಂದ ಇತ್ತು" ಎಂದಳು. "ನೀವಿಬ್ರೂ ಹೋಗೋದು ಪ್ರತಿ ವಾರ ನೋಡ್ತಿದ್ದೆ. ಹಾಲು ಕೊಟ್ಟು ವಾಪಸ್ ಬರೋವಾಗ. ಟೀಚ್ರು ನಗಾಡ್ತಾ ಇರೋರು."

ಬಸವೇಶ ಲೋಟ ಕೆಳಗಿಡಲು ಹೋದ. ಜಗಲಿಯ ಅಂಚು ಎಲ್ಲಿದೆಯೆಂದು ತಿಳಿಯದೆ ಕೈ ಗಾಳಿಯಲ್ಲಿ ತಡಕಿತು. ಕಮಲಕ್ಕ ಮುಂದಕ್ಕೆ ಬಗ್ಗಲಾರದೆ ಬಗ್ಗಿ, ಲೋಟವನ್ನು ತೆಗೆದುಕೊಂಡಳು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಡಾಕ್ಟರ ಎದುರಾಗಲಿ ಪೊಲೀಸರ ಎದುರಾಗಲಿ ಅಳದವನು, ಆ ಹೆಂಗಸಿನ ಜಗಲಿಯಲ್ಲಿ ಸದ್ದು ಮಾಡಿ ಅತ್ತ. ಇಬ್ಬರು ಹೆಂಗಸರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು.